ನೂರಕ್ಕೆ ತೊಂಬತ್ತೇಳು

ನಮ್ಮಕ್ಕನಿಗೆ ಮನೆಯಲ್ಲಿ ಪುಕ್ಕಲಿ ಎಂದೇ ಹೆಸರು. ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ತಿರುವಿನಿಂದ ಮತ್ತೆ ವಾಪಸು ಬಂದು ಜಗ್ಗುವವಳು. ಸಿಕ್ಕಿದ ಕೆಲಸವೂ ಅಂಥದ್ದೇ. ರೋಗಿಯ ನರಕ್ಕೆ ಅಳತೆಯಂತೆ ಔಷಧಿ ಬಿಡುವ ಪಂಪುಗಳ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಬೇಕು. ಅನುಮಾನಪಡುವುದಕ್ಕೂ ಸಂಬಳ ಕೊಡ್ತಾರಲ್ಲೇ ಎಂದು ರೇಗಿಸುತ್ತಿದ್ದೆ.

ಈಚೆಗೆ ಅವಳ ಆಫೀಸಿಗೆ ಹೊಸ ಪ್ರೋಗ್ರಾಮೊಂದು ಬಂತು. ಕೋಡಿನ ಯಾವ ಭಾಗದಲ್ಲಿ ತಪ್ಪಿರಬಹುದು ಎಂದು ಅದೇ ಮೊದಲು ಹೇಳುತ್ತದೆ. ಅದು ಬೊಟ್ಟು ಮಾಡಿದ್ದನ್ನಷ್ಟೇ ಪರೀಕ್ಷಿಸಿದರೆ ಸಾಕು. ತಪ್ಪು ಎಲ್ಲೆಲ್ಲಿದೆಯೆಂದು ಮೊದಲೇ ಗೊತ್ತಿದ್ದ ಹಳೆಯ ಕೋಡಿನ ನೂರು ಭಾಗಗಳ ಮೇಲೆ ಅದನ್ನು ಪರೀಕ್ಷಿಸಿದರು. ತೊಂಬತ್ತೇಳು ಸರಿ ಬಂತು. ಮ್ಯಾನೇಜರು ಕೇಕು ಕತ್ತರಿಸಿದರು. ಅಕ್ಕನಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ.

"ಸರ್, ನಿಜವಾಗಿ ಕೆಟ್ಟಿದ್ದು ನಾಲ್ಕು. ಇದು ಹಿಡಿದಿದ್ದು ಒಂದೇ. ಕಣ್ಮುಚ್ಚಿಕೊಂಡು ಎಲ್ಲಾ ಚೆನ್ನಾಗಿದೆ ಅಂದುಬಿಟ್ಟಿದ್ರೂ ತೊಂಬತ್ತಾರು ಬರ್ತಿತ್ತು."

"ನೀವು ಎಲ್ಲದಕ್ಕೂ ಹೆದರ್ತೀರಮ್ಮ," ಎಂದು ನಕ್ಕು, ಆ ಮಹಾನುಭಾವರು ಪ್ರೋಗ್ರಾಮು ಬೊಟ್ಟು ಮಾಡಿದ್ದನ್ನಷ್ಟೇ ನೋಡಿಸಿ, ಪಂಪುಗಳ ಹೊಸ ಸಾಫ್ಟ್‌ವೇರನ್ನು ಆಸ್ಪತ್ರೆಗಳಿಗೆ ಕಳಿಸಿಯೇಬಿಟ್ಟರು. ಅಂದಿನಿಂದ ಅಕ್ಕನಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಫೋನ್ ಸದ್ದಾದರೆ ಸಾಕು, ಬೆಚ್ಚಿಬೀಳುತ್ತಿದ್ದಳು. ಅದನ್ನೂ ನಾನು ಆಡಿಕೊಂಡೆ.

ಆಮೇಲೆ ಅಪ್ಪನಿಗೆ ಆಪರೇಷನ್ ಆಯಿತು. ಸಂಜೆ ಇಬ್ಬರೂ ವಾರ್ಡಿಗೆ ಹೋದೆವು.

"ನೋಡಮ್ಮ, ನಿಮ್ಮ ಕಂಪನಿ ಮಿಷನ್ನೇ ಹಾಕಿದ್ದಾರೆ," ಎಂದರು ಅಪ್ಪ. "ನನ್ನ ಮಗಳೇ ಪರೀಕ್ಷೆ ಮಾಡೋದು ಅಂತ ಎಲ್ಲರಿಗೂ ಹೇಳಿದೆ. ನಂಗ್ಯಾವ ಭಯಾನೂ ಇಲ್ಲ."

ಅಕ್ಕ ಬಗ್ಗಿ ಪಂಪಿನ ಪರದೆ ನೋಡಿದಳು. ಹೊಸ ಸಾಫ್ಟ್‌ವೇರೇ. ತಕ್ಷಣ ನರ್ಸನ್ನು ಕರೆದಳು.

"ಸಿಸ್ಟರ್, ಇದನ್ನ ತೆಗೆದು, ಮೊದಲಿನ ಹಾಗೆ ಕೈಯಲ್ಲೇ ಹನಿ ಎಣಿಸಿಕೊಂಡು ಔಷಧಿ ಬಿಡೋಕಾಗುತ್ತಾ?"

"ಯಾಕೆ, ಕೆಟ್ಟಿದೆಯಾ?"

"ಗೊತ್ತಿಲ್ಲ. ಪೂರ್ತಿ ಯಾರೂ ನೋಡಿಲ್ಲ."

ನರ್ಸ್ ಡಾಕ್ಟರಿಗೆ ಫೋನ್ ಮಾಡಿ ಕೇಳಿದರು. ಪಂಪು ಬಿಚ್ಚಿ, ಹನಿ ಬೀಳುವ ವೇಗಕ್ಕೆ ಕೊಳವೆಯ ತಿರುಗಣೆ ಹೊಂದಿಸಿದರು. ಅಕ್ಕ ಉಸಿರು ಬಿಟ್ಟಳು. ಆದರೆ ನರ್ಸ್ ಅಲ್ಲೇ ನಿಂತಿದ್ದರು.

"ನಿಮ್ಮ ತಂದೆಯದ್ದಾಯ್ತು. ಇವರದ್ದು?"

ಉದ್ದಕ್ಕೂ ಹಾಸಿಗೆಗಳು. ಪ್ರತಿಯೊಂದರ ಪಕ್ಕದಲ್ಲೂ ಅದೇ ಪಂಪು, ಅದೇ ಹಸಿರು ದೀಪ. ಪಕ್ಕದ ಹಾಸಿಗೆಯ ಅಜ್ಜಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಎಲ್ಲವನ್ನೂ ಬಿಚ್ಚಿಸಿದರೆ ಅಕ್ಕ ಕೆಲಸ ಕಳೆದುಕೊಳ್ಳುವುದು ಖಚಿತವೆಂದು ನನಗೆ ಅನ್ನಿಸಿತು.

"ಎಲ್ಲಾ ಬಿಚ್ಚಿಸಿ," ಎಂದಳು. "ಯಾರು ಹೇಳಿದ್ದು ಅಂದ್ರೆ ನನ್ನ ಹೆಸರು ಹೇಳಿ."

ಅಪ್ಪ ನನ್ನ ಕೈ ಹಿಡಿದುಕೊಂಡರು. ಅವರ ಅಂಗೈ ತಣ್ಣಗಿತ್ತು.