ಒಂದೇ ಕಾರಿನಲ್ಲಿ ಹೋದ ವೋಟುಗಳು

೨೦೨೦ರಲ್ಲಿ ನಾನು ಮತ್ತು ನನ್ನ ಗಂಡ ಅಮೆರಿಕದಲ್ಲಿ ಮೊದಲ ಸಲ ವೋಟು ಹಾಕಿದೆವು. ಸಿಟಿಜನ್ ಆಗಿ ವರ್ಷವೂ ಕಳೆದಿರಲಿಲ್ಲ. ಜಾರ್ಜಿಯಾದ ಲಾರೆನ್ಸ್‌ವಿಲ್‌ನಲ್ಲಿ ಮತಗಟ್ಟೆಯಾಗಿದ್ದ ಲೈಬ್ರರಿಯಿಂದ ಪಾರ್ಕಿಂಗ್ ದಾಟಿ ರಸ್ತೆಯವರೆಗೂ ಸಾಲು. ಎಲ್ಲರ ಮುಖಕ್ಕೂ ಮಾಸ್ಕು. ಹದಿನಾಲ್ಕರ ಮಗಳು ಹಟ ಹಿಡಿದು ಜೊತೆಗೆ ಬಂದಿದ್ದಳು. ನಮ್ಮ ಮಡಿಸುವ ಕುರ್ಚಿಯನ್ನು ಯಾರೋ ಅಜ್ಜಿಗೆ ಕೊಟ್ಟು, ಅವರ ಪಕ್ಕದಲ್ಲೇ ನಿಂತು ಹರಟಿದಳು. ಜಾರ್ಜಿಯಾ ನಾವಿಬ್ಬರೂ ವೋಟು ಹಾಕಿದ್ದ ನೀಲಿ ಪಕ್ಷದ ಕಡೆ ತಿರುಗಿದ ದಿನ ಗಂಡ ಕೇಸರಿಬಾತು ಮಾಡಿದರು. ಸ್ವಲ್ಪ ತಳ ಹಿಡಿದಿತ್ತು. ಎಲ್ಲರೂ ತಿಂದೆವು.

ಗಂಡ ಯಾವಾಗ ಬದಲಾದರೋ ಸರಿಯಾಗಿ ಹೇಳಲಾರೆ. ಪಕ್ಕದ ರಾಜ್ಯದ ಕ್ಯಾರಿ ಊರಿನಲ್ಲಿದ್ದ ಅವರ ತಮ್ಮ ವರ್ಷಗಟ್ಟಲೆ ಗ್ರೀನ್ ಕಾರ್ಡಿಗೆ ಕಾದು, ಕೊನೆಗೆ ಕೆಲಸ ಹೋಗಿ, ಹೆಂಡತಿ ಮಕ್ಕಳ ಜೊತೆ ಮೈಸೂರಿಗೆ ವಾಪಸಾದ. ಏರ್‌ಪೋರ್ಟಿನಿಂದ ಮರಳುವಾಗ ಗಂಡ ಆಡಿದ್ದು ಒಂದೇ ಮಾತು: “ರೂಲ್ಸ್ ಪ್ರಕಾರ ಲೈನಲ್ಲಿ ನಿಂತೋನಿಗೆ ಇಲ್ಲಿ ಬೆಲೆ ಇಲ್ಲ.” ಆಮೇಲೆ ಊಟದ ಹೊತ್ತಿಗೆ ಟೀವಿಯಲ್ಲಿ ಎದುರಿನ ಕೆಂಪು ಪಕ್ಷದ ಪರವಾದ ಚಾನೆಲ್ ಬರತೊಡಗಿತು. ಮೊದಮೊದಲು ನಾನು ವಾದ ಮಾಡುತ್ತಿದ್ದೆ. ನಂತರ ಬಿಟ್ಟೆ.

೨೦೨೪ರ ಅಕ್ಟೋಬರಿನ ಹೊತ್ತಿಗೆ ಮಗಳಿಗೂ ಹದಿನೆಂಟಾಗಿತ್ತು. ಒಂದು ಶನಿವಾರ ಮುಂಗಡ ಮತದಾನಕ್ಕೆ ಮೂವರೂ ಒಂದೇ ಕಾರಿನಲ್ಲಿ ಹೊರಟೆವು.

“ಈ ಸಲ ಕೆಂಪಿಗೇನಾ?” ಎಂದು ಗಂಡನನ್ನು ಕೇಳಿದೆ.

“ಹೂಂ. ನೀನು?”

“ಹೋದ್ಸಲದ್ದೇ.”

ಲೈಬ್ರರಿಯ ಮುಂದೆ ಕಾರು ನಿಂತರೂ ಮಗಳು ಬೆಲ್ಟು ಬಿಚ್ಚಲಿಲ್ಲ. “ನಾನ್ ಬರಲ್ಲ ಅಮ್ಮಾ. ಯು ಗೈಸ್ ಗೋ.”

“ಯಾಕೆ ಪುಟ್ಟಾ?”

“ಒಳಗೆ ಹೋದ್ರೆ ನಿಮ್ಮಿಬ್ರಲ್ಲಿ ಒಬ್ರ ಸೈಡ್ ತಗೋಬೇಕು. ಮನೇಲಿ ದಿನಾ ಅದೇ ಆಯ್ತು. ಐ ಆಮ್ ಟಯರ್ಡ್.”

ಗಂಡ ಇಳಿದು ಬಾಗಿಲು ಹಾಕಿದರು. ಒಳಗೆ ಪರದೆಯ ಮೇಲೆ ಬೆರಳಿಟ್ಟಾಗ ನನಗೆ ಏನೂ ಅನ್ನಿಸಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಮುಟ್ಟಿಕೊಂಡ ಹಾಗಿತ್ತು. ಹೊರಗೆ ಬಂದಾಗ ಮಗಳು ಸೀಟಿಗೊರಗಿ ನಿದ್ದೆ ಮಾಡುತ್ತಿದ್ದಳು, ಇಲ್ಲವೇ ಹಾಗೆ ನಟಿಸುತ್ತಿದ್ದಳು.

ಜಾರ್ಜಿಯಾ ಕೆಂಪಾಯಿತು. ಗಂಡ ಹಿಗ್ಗಲಿಲ್ಲ. ಟೀವಿ ಆರಿಸಿ, “ನಿಂಗೆ ಬೇಜಾರಾಯ್ತಾ?” ಎಂದರು.

“ಗೊತ್ತಾಗ್ತಿಲ್ಲ ರೀ,” ಎಂದೆ. ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಒಣಗಿದ ಬಟ್ಟೆ ಮಡಿಸುತ್ತಾ ಕೂತೆ. ಅವರೂ ಬಂದು ಪಕ್ಕದಲ್ಲಿ ಕೂತು ಸಾಕ್ಸ್ ಜೋಡಿಸಿದರು.

ಮರುವರ್ಷ ಮಗಳು ಓದಲು ಷಾರ್ಲೆಟ್‌ಗೆ ಹೋದಳು. ಆ ನವೆಂಬರಿನಲ್ಲಿ ಕರೆಂಟಿನ ದರ ನಿಗದಿ ಮಾಡುವ ಮಂಡಳಿಗೆ ಚುನಾವಣೆಯಿತ್ತು. “ಅದಕ್ಕೆಲ್ಲ ಯಾರ್ ಹೋಗ್ತಾರೆ?” ಎಂದರು ಗಂಡ. ಕೆಲಸ ಮುಗಿಸಿ ಬರುವ ದಾರಿಯಲ್ಲಿ ನಾನೊಬ್ಬಳೇ ಹೋದೆ. ಸಾಲೇ ಇರಲಿಲ್ಲ. ಮೇಜಿನ ಹಿಂದಿದ್ದ ಹೆಂಗಸು ಹೆಣೆಯುತ್ತಿದ್ದುದನ್ನು ಬದಿಗಿಟ್ಟು ನನಗಾಗಿ ಎದ್ದಳು.

ಹೊರಗೆ ಬಂದು ಮಗಳಿಗೆ ಫೋನ್ ಮಾಡಿದೆ.

“ಎಲ್ಲಿದ್ಯ ಅಮ್ಮಾ?”

“ವೋಟ್ ಹಾಕಕ್ಕೆ ಬಂದಿದ್ದೆ.”

“ಓ,” ಎಂದಳು. ಆಮೇಲೆ ರೂಮಿನಲ್ಲಿ ತುಂಬಾ ಚಳಿ, ದಪ್ಪನೆಯ ಹೊದಿಕೆ ಕಳಿಸು ಎಂದು ಕೇಳಿದಳು.