ದುಃಖದ ಗುಳಿಗೆ ಮತ್ತು ನನ್ನ ಮೊಮ್ಮಗಳು

ನನ್ನ ಮೊಮ್ಮಗಳ ಸುದ್ದಿ ಬರೆಯಲು ಕೂತರೆ ಕೈ ನಿಲ್ಲುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ಮಾತು. ಮಸ್ಕಿಯಲ್ಲಿ ನಮ್ಮ ಮನೆ. ಹುಡುಗಿ ಆಗ ಆರನೆಯ ಇಯತ್ತೆ. ತುಂಟಿಯಲ್ಲ, ಜಗಳಗಂಟಿಯಲ್ಲ. ಕೂಡಿಸಿದಲ್ಲಿ ಕೂಡುತ್ತಿದ್ದಳು, ಮನಸ್ಸು ಮಾತ್ರ ಕೂಡುತ್ತಿರಲಿಲ್ಲ. ಗದ್ದೆಯ ಮಡಿ ತುಂಬಿದರೆ ಕೂಗು ಎಂದು ಬದುವಿನ ಮೇಲೆ ನಿಲ್ಲಿಸಿದರೆ, ಬದು ಒಡೆದು ನೀರು ಪಕ್ಕದವರ ಹೊಲಕ್ಕೆ ಹರಿದರೂ ಕೊಕ್ಕರೆ ನೋಡುತ್ತ ನಿಂತಿರುತ್ತಿದ್ದಳು. ಪರೀಕ್ಷೆಯಲ್ಲಿ ಅರ್ಧ ಲೆಕ್ಕ ಮಾಡಿ ಉಳಿದದ್ದು ಮರೆತು ಬರುತ್ತಿದ್ದಳು. ಮಾಡಿದ ಅರ್ಧ ಸರಿಯೇ ಇರುತ್ತಿತ್ತು, ನೋಡಿರಿ.

ಆ ವರ್ಷ ನಪಾಸಾದಳು. ಮಗ ಉಣ್ಣುವಾಗ ಹೇಳಿದ, "ಇನ್ನೊಂದು ವರ್ಷ ನೋಡ್ತೀನಿ ಯವ್ವಾ. ಮತ್ತ ನಪಾಸಾದ್ರ ಸಾಲಿ ಬಿಡಿಸಿ ಸಸಿ ಹಚ್ಚಾಕ ಕಳಸ್ತೀನಿ."

"ಬದುವಿನ ಮ್ಯಾಲ ನಿಂದ್ರಾಕ ಬರಲಾರದಾಕಿ ಸಸಿ ಹಚ್ತಾಳೇನು?" ಎಂದೆ. ಅವನು ಕೈ ತೊಳೆದು ಎದ್ದ.

ಲಿಂಗಸುಗೂರಿಗೆ ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರು ಬರುತ್ತಾರೆಂದು ಶಾಲೆಯ ಮಾಸ್ತರು ತಿಳಿಸಿದ್ದರು. ಹುಡುಗಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ಡಾಕ್ಟರು ಅವಳನ್ನು ಬಹಳ ಹೊತ್ತು ಮಾತಾಡಿಸಿದರು, ನಾಡಿ ಹಿಡಿದರು, ಎದೆಗೆ ತಂತಿ ಹಚ್ಚಿ ಎದೆಬಡಿತದ ಕಾಗದ ತೆಗೆಸಿದರು. "ದಡ್ಡಿ ಅಲ್ಲವ್ವಾ ಈಕಿ. ಗಮನ ಒಂದು ಕಡೆ ನಿಲ್ಲಂಗಿಲ್ಲ, ಅಷ್ಟ. ಇದಕ್ಕಂತನ ಇರೋ ಗುಳಿಗಿ ಈ ಕಡೆ ಸಿಗಂಗಿಲ್ಲ. ಹಳೇದೊಂದು ಐತಿ, ಕೆಲವು ಮಕ್ಕಳಿಗೆ ಹಿಡಸ್ತದ. ಸ್ವಲ್ಪದಿಂದ ಶುರು ಮಾಡೋಣು. ನೀವ ಎಣಿಸಿ ಕೊಡ್ರಿ, ಹುಡುಗರ ಕೈಗೆ ಸಿಗದಂಗ ಇಡ್ರಿ. ಹೆಚ್ಚಾದ್ರ ಎದಿಗೆ ಕೆಟ್ಟದ್ದು" ಎಂದರು.

ಆ ಗುಳಿಗೆ ಲಿಂಗಸುಗೂರಿನಲ್ಲಿ ಮುಗಿದಿತ್ತು. ಮರುದಿನ ಸಿಂಧನೂರಿಗೆ ಹೋದೆ. ಔಷಧಿ ಅಂಗಡಿಯವನು ಚೀಟಿ ನೋಡಿ, "ಇದು ದುಃಖ ಹಚ್ಚಿಕೊಂಡೋರಿಗೆ ಕೊಡೋ ಗುಳಿಗಿ. ಯಾರಿಗಮ್ಮಾ?" ಎಂದ. ಮೊಮ್ಮಗಳಿಗೆ ಎಂದೆ. ನನ್ನ ಹಿಂದೆ ನಮ್ಮ ಓಣಿಯಲ್ಲೇ ಇರುವ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಕೆಮ್ಮಿನ ಔಷಧಿಗೆಂದು ನಿಂತಿದ್ದಳು. ನನಗಿಂತ ಮೊದಲಿನ ಬಸ್ಸಿಗೆ ಊರು ಸೇರಿದಳು.

ನಮ್ಮ ಕಡೆ ದುಃಖದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆಂಟರು ಬುತ್ತಿ ತರುತ್ತಾರೆ. ಮರುದಿನ ಬೆಳಿಗ್ಗೆ ನೆಗೆಣ್ಣಿ ರೊಟ್ಟಿ ಗಂಟು ಹೊತ್ತು ಬಂದಳು. ಅವಳ ಹಿಂದೆ ಓಣಿಯ ಹೆಂಗಸರು ಪುಂಡಿಪಲ್ಲೆ, ಮೊಸರನ್ನ ಹಿಡಿದುಕೊಂಡು ಬಂದು ಪಡಸಾಲೆಯಲ್ಲಿ ಕೂತರು.

"ಏನು ದುಃಖ ಐತಿ ಹೇಳವಾ, ಎದ್ಯಾಗ ಇಟ್ಕೋಬ್ಯಾಡ" ಎಂದು ನೆಗೆಣ್ಣಿ ಹುಡುಗಿಯ ಗಲ್ಲ ಸವರಿದಳು.

ಹುಡುಗಿ ನನ್ನ ಕಡೆ ತಿರುಗಿ, "ಆಯಿ, ಯಾರು ಸತ್ತಾರ?" ಎಂದಳು.

"ಯಾರೂ ಸತ್ತಿಲ್ಲ, ನೀ ಉಣ್ಣು" ಎಂದೆ. ಎರಡು ರೊಟ್ಟಿ ತಿಂದು ಮೂರನೆಯದು ಕೇಳಿದಳು. ಅದನ್ನು ನೋಡಿ ಒಬ್ಬಾಕೆ, "ದುಃಖ ಭಾಳ ಒಳಗ ಇಳದೈತಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊಲದಿಂದ ಬಂದ ಮಗ ಇದನ್ನೆಲ್ಲ ನೋಡಿದ. ಅವರು ಹೋದ ಮೇಲೆ ಗುಳಿಗೆಯ ಪಟ್ಟಿ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡ. "ನಾಳೆ ಇಂಥಾಕಿನ ಯಾರು ಮದಿವಿ ಆಕ್ಕಾರ? ಗುಳಿಗೀನೂ ಬ್ಯಾಡ, ಸಾಲೀನೂ ಬ್ಯಾಡ."

ನಾನು ವಾದ ಮಾಡಲಿಲ್ಲ. "ಆ ಮಾತು ಡಾಕ್ಟರ ಮುಂದ ಹೇಳು ಬಾ" ಎಂದೆ. ಮುಂದಿನ ವಾರ ಲಿಂಗಸುಗೂರಿಗೆ ಅವನನ್ನೇ ಕರೆದೊಯ್ದೆ.

"ನನ್ನ ಮಗಳಿಗೆ ಯಾವ ದುಃಖ ಐತ್ರಿ?" ಎಂದು ಬಾಗಿಲಲ್ಲೇ ಕೇಳಿದ.

ಡಾಕ್ಟರು ಅವನನ್ನು ಕೂಡಿಸಿ, "ಬೇವಿನ ಸೊಪ್ಪು ಹುಣ್ಣಿಗೆ ಹಚ್ತೀರಿಲ್ಲೋ?" ಎಂದರು.

"ಹಚ್ತೀವ್ರಿ."

"ಕಾಳಿನ ಚೀಲದಾಗೂ ಹಾಕ್ತೀರಿ. ಕಾಳಿಗೆ ಹುಣ್ಣಾಗಿತ್ತೇನು?"

ಮಗ ನನ್ನ ಮುಖ ನೋಡಿದ. ನಾನು ಸೆರಗಿನಲ್ಲಿ ನಕ್ಕೆ. "ಹಂಗ ಇದೂ. ದುಃಖಕ್ಕೂ ಕೊಡ್ತೀವಿ, ಗಮನ ನಿಲ್ಲಾಕೂ ಕೊಡ್ತೀವಿ. ಹಿಡಸಲಿಲ್ಲಂದ್ರ ನಾನ ನಿಲ್ಲಸ್ತೀನಿ" ಎಂದರು ಡಾಕ್ಟರು. ಮನೆ ಮುಟ್ಟಿದ ಮೇಲೆ ಮಗ ಪಟ್ಟಿಯನ್ನು ನನ್ನ ಕೈಗಿಟ್ಟು ದನಗಳಿಗೆ ಮೇವು ಹಾಕಲು ಹೋದ.

ಗುಳಿಗೆ ಶುರುವಾದ ಮೇಲೆ ಹುಡುಗಿಗೆ ಬಾಯಿ ಒಣಗುತ್ತಿತ್ತು, ಚರಿಗೆ ಚರಿಗೆ ನೀರು ಕುಡಿಯುತ್ತಿದ್ದಳು. ಕೆಲವು ವಾರ ಏನೂ ಕಾಣಲಿಲ್ಲ. ಡಾಕ್ಟರು ಮತ್ತೆ ಎದೆಯ ಕಾಗದ ತೆಗೆಸಿ ಗುಳಿಗೆ ಸ್ವಲ್ಪ ಏರಿಸಿದರು. ಆಮೇಲೆ ಒಂದು ಸಂಜೆ ಲೆಕ್ಕ ಪೂರ್ತಿ ಮುಗಿಸಿ, "ಇನ್ನೊಂದು ಹೇಳು ಆಯಿ" ಎಂದಳು. ನನಗೆ ಬರುವ ಲೆಕ್ಕವೇ ಮುಗಿದು ಹೋಗಿತ್ತು. ಅವಳಪ್ಪನನ್ನು ಕೂಗಿದೆ. ಅವನು ಕೈಕಾಲು ತೊಳೆಯುವುದನ್ನೂ ಬಿಟ್ಟು ಬಂದು ಕೂತ.

ಪೂರ್ತಿ ಬದಲಾದಳೆಂದಲ್ಲ. ಚಪ್ಪಲಿ ಶಾಲೆಯಲ್ಲಿ ಬಿಟ್ಟು ಬರಿಗಾಲಲ್ಲಿ ಬರುವುದು ನಿಲ್ಲಲಿಲ್ಲ. ಆದರೆ ಎರಡನೆಯ ಸಲ ಆರನೆಯದು ಪಾಸಾದಳು. ಮಗ ತಾನೇ ಹೋಗಿ ಏಳನೆಯ ಇಯತ್ತೆಯ ಪುಸ್ತಕ ತಂದು ಒಂದೊಂದಕ್ಕೂ ರಟ್ಟು ಹಾಕಿದ. ನಾನು ಓಣಿಯ ಮನೆ ಮನೆಗೂ ಸಕ್ಕರೆ ಹಂಚಿದೆ.

"ಏನು, ಫಸ್ಟ್ ಬಂದಾಳೇನು?" ಎಂದಳು ನೆಗೆಣ್ಣಿ.

"ಪಾಸಾಗ್ಯಾಳ."

"ಬರೇ ಪಾಸಾಗಿದ್ದಕ್ಕ ಇಷ್ಟು ಸಕ್ಕರಿಯೇನು?"

"ಕೈ ಹಿಡಿ, ಇನ್ನಷ್ಟು ಹಾಕ್ತೀನಿ" ಎಂದೆ.