ಅಲುಗಿದ ಸ್ವರ

ಮೊಮ್ಮಗಳು ಕೊಲ್ಹಾಪುರದಿಂದ ತಂದ ಹೊಸ ರೆಕಾರ್ಡಿನ ರಟ್ಟು ಬಿಚ್ಚಿದಾಗ ಹಸಿ ಬಣ್ಣದ ವಾಸನೆ ಬಂತು. ಮೇಲೆ ಅದೇ ಚಿತ್ರ: ನೀಲಿ ಬಯಲು, ನಡುವೆ ಒಂದು ಖಾಲಿ ಕುರ್ಚಿ. ಹಳೆಯ ಇಂಗ್ಲಿಷ್ ರಾಕ್ ಹಾಡುಗಳನ್ನು ಮೂಲ ಟೇಪಿನಿಂದ ಶುದ್ಧಮಾಡಿ ಮತ್ತೆ ಹೊರತಂದಿದ್ದಾರಂತೆ. ಇದರ ಹಳೆಯ ಪ್ರತಿ ನನ್ನ ಟ್ರಂಕಿನ ತಳದಲ್ಲಿದೆ. ಅದು ಅಣ್ಣನದು.

ಎಪ್ಪತ್ತರ ದಶಕದ ಕೊನೆ. ಅಣ್ಣ ಇಚಲಕರಂಜಿಯ ಒಂದು ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಕೆಟ್ಟ ಮಗ್ಗ ಸರಿಮಾಡುವ ಜಾಬರ್ ಆಗಿದ್ದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಅದೇ ಶೆಡ್ಡಿನಲ್ಲಿ ನೂಲಿನ ಕಾಂಡಿ ಸುತ್ತುತ್ತಿದ್ದೆ. ನಲವತ್ತು ಮಗ್ಗಗಳು ಒಟ್ಟಿಗೆ ಬಡಿಯುವಾಗ ಪಕ್ಕದವರ ಮಾತೂ ಕೇಳದು. ಅಣ್ಣ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು, "ಹದಿನೇಳನೇದ್ದು ಕುಂಟಾಕತ್ತೈತಿ" ಎನ್ನುತ್ತಿದ್ದ. ಹೋಗಿ ನೋಡಿದರೆ ಅದರದೇ ಬೋಲ್ಟ್ ಸಡಿಲ.

"ದೇವರು ಇವಗ ಕೇಳಾಕ ಕಿವಿ ಕೊಟ್ಟಾನ, ನಮಗ ಬೀಡಿ ಸಿಗಿಸಾಕ" ಎಂದು ಮಾಲಕರು ನಗುತ್ತಿದ್ದರು.

ಆ ರೆಕಾರ್ಡನ್ನೂ ಒಂದು ಪ್ಲೇಯರನ್ನೂ ಅವನು ಕೊಲ್ಹಾಪುರದ ಹಳೆ ಸಾಮಾನಿನ ಅಂಗಡಿಯಿಂದ ತಂದ. ಮಗ್ಗಗಳಿಗೆ ರಜೆಯಿದ್ದ ದಿನ ಇಬ್ಬರೂ ಕೂತು ಕೇಳುತ್ತಿದ್ದೆವು. ಒಂದು ಮಾತೂ ಅರ್ಥವಾಗುತ್ತಿರಲಿಲ್ಲ.

"ಮಾತ ಬಿಡವ ತಂಗಿ. ಎಲ್ಲಾದರ ಹಿಂದ ಒಂದ ದಪ್ಪ ತಂತಿ ದನಿ ನಡದೈತಿ ನೋಡ, ಅದರ ಬೆನ್ನ ಹತ್ತ."

ಬೆನ್ನು ಹತ್ತಿದೆ... ನಾನು ಬರೀ ಗದ್ದಲವೆಂದುಕೊಂಡದ್ದರೊಳಗೆ ಒಂದು ಮನೆಯೇ ಎದ್ದು ನಿಂತಿತ್ತು, ಕಂಬ, ತೊಲೆ, ಬಾಗಿಲುಗಳ ಸಮೇತ.

ಒಂದು ಮಳೆಗಾಲ ರೆಕಾರ್ಡಿಗೆ ಬೂಷ್ಟು ಹಿಡಿಯಿತು. ಅಣ್ಣನಿಗೆ ಖುಷಿಯಾಗಲೆಂದು ಅದನ್ನು ತೊಳೆದೆ. ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ಹಪ್ಪಳದಂತೆ ತಗಡಿನ ಮೇಲೆ ಒಣಗಲು ಇಟ್ಟೆ. ಹಪ್ಪಳದಂತೆಯೇ ಸೊಟ್ಟಾಯಿತು. ಹೆದರಿ, ಬೀಸುವ ಕಲ್ಲಿನ ಕೆಳಗೆ ಒತ್ತಿಟ್ಟೆ. ಮರುದಿನ ಕಣ್ಣಿಗೆ ಸಮವಾಗಿ ಕಂಡಿತು.

ರಜೆಯ ದಿನ, ಒಂದು ಉದ್ದನೆಯ ಸ್ವರ ಬರುವಲ್ಲಿ ಅಣ್ಣ ತಲೆ ಎತ್ತಿದ. ಮತ್ತೆ ಹಾಕಿದ. ಮತ್ತೆ.

"ತಂಗಿ, ಸ್ವರ ಅಳ್ಳಾಡಿದಂಗ ಆಗ್ತೈತಲ್ಲ?"

ನನಗೂ ಕೇಳಿತ್ತು. "ಇಲ್ಲಪ, ಬರೋಬರಿ ಐತಿ" ಎಂದೆ.

ಅವನು ರೆಕಾರ್ಡನ್ನು ಅನುಮಾನಿಸಲಿಲ್ಲ, ನನ್ನನ್ನೂ. ಮಗ್ಗದ ಸದ್ದಿಗೆ ಕಿವಿ ಹೋದವರನ್ನು ದಿನವೂ ನೋಡುತ್ತಿದ್ದ. ತನ್ನ ಸರದಿ ಬಂತೆಂದುಕೊಂಡ. ಶೆಡ್ಡಿನ ಬಾಗಿಲಲ್ಲಿ ನಿಲ್ಲುವುದನ್ನೇ ಬಿಟ್ಟು, ಒಂದೊಂದು ಮಗ್ಗಕ್ಕೂ ಕೈ ಹಚ್ಚಿ ನೋಡತೊಡಗಿದ. ದೀಪಾವಳಿಗೆ ಮುಂಚೆ ಮಾಲಕರಿಗೆ "ಕಿವಿ ಹೋಗ್ಯಾವ್ರಿ" ಎಂದು ಹೇಳಿ, ಗಡಹಿಂಗ್ಲಜದ ಮೆಣಸಿನಕಾಯಿ ಅಡತಿ ಅಂಗಡಿಗೆ ಚೀಲ ಹೊಲಿಯಲು ಹೋದ. ಹೊರಡುವಾಗ ರೆಕಾರ್ಡು, ಪ್ಲೇಯರ್ ನನ್ನ ಮುಂದಿಟ್ಟ.

"ನಿನ್ನ ಕಿವಿ ಚಲೋ ಅದಾವ. ನೀ ಕೇಳ."

ಆಗಲಾದರೂ ಹೇಳಬಹುದಿತ್ತು... ಬಸ್ಸು ಬರುವ ತನಕ ಜೊತೆಗೇ ನಿಂತಿದ್ದೆ. ಮದುವೆಯಾದ ಮೇಲೆ ಪಂಚಮಿಗೆ ಕರೆಯಲು ವರ್ಷವರ್ಷವೂ ಬಂದ. ಹೇಳಲಿಲ್ಲ. ಅವನು ಕಣ್ಣು ಮುಚ್ಚಿದ ದಿನವೂ ಕಿವಿಯ ಹತ್ತಿರ ಬಾಗಿ, ಸುಮ್ಮನೆ ಎದ್ದು ಬಂದೆ.

ಮೊಮ್ಮಗಳು ಹೊಸ ರೆಕಾರ್ಡು ಹಾಕಿದಳು. ಎಲ್ಲದರ ಹಿಂದೆ ದಪ್ಪ ತಂತಿ ನಡೆದು ಬಂತು. ಆ ಉದ್ದನೆಯ ಸ್ವರವೂ ಬಂತು. ಉಸಿರು ಬಿಗಿಹಿಡಿದೆ. ಅದು ಕೂದಲೆಳೆಯಷ್ಟೂ ಅಲುಗದೆ, ಮಗ್ಗಕ್ಕೆ ಬಿಗಿದ ನೂಲಿನಂತೆ ನೆಟ್ಟಗೆ ನಿಂತಿತು.

"ಬರೋಬರಿ ಐತೇನಜ್ಜಿ?"

"ಇದು ಬರೋಬರಿ ಐತಿ. ಅವತ್ತಿಂದು ಇರಲಿಲ್ಲವ್ವ" ಎಂದೆ.

ಅವಳಿಗೆ ತಿಳಿಯಲಿಲ್ಲ. ತಿಳಿಯಬೇಕಾದವನು ಇಲ್ಲ.